ಎಲ್ಕ್ ಬೆಟ್ಟಕ್ಕೆ ಗಾಲಿಕುರ್ಚಿಯ ದಾರಿ

ಒಂದು ಲೆಕ್ಕ. ಬಲಿತ ಗಂಡು ಎಲ್ಕ್ ಒಂದರ ತೂಕ ಸುಮಾರು 300 ಕೆಜಿ. ಅದು ಬಿದ್ದಿರುವುದು ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರದ ಇಳಿಜಾರಿನಲ್ಲಿ, ಅಡ್ಡಾದಿಡ್ಡಿ ಉರುಳಿದ ಮರಗಳ ನಡುವೆ. ಗಾಡಿ ನಿಂತಿರುವುದು ಎರಡು ಕಿಲೋಮೀಟರ್ ಕೆಳಗೆ. ಗುಂಡು ಹೊಡೆದವನಿಗೆ ಮೊಣಕಾಲಿನ ಮೇಲಿಂದ ಒಂದು ಕಾಲಿಲ್ಲ. ಜೊತೆಗಿರುವವನಿಗೆ ಬಾಂಬಿನ ಸದ್ದಿಗೆ ಒಂದು ಕಿವಿ ಹೋಗಿದೆ, ಭಾರ ಹೊತ್ತು ಏರಿದರೆ ತಲೆ ಸಿಡಿಯುತ್ತದೆ. ಸಂಜೆಯಾಗಿದೆ. ಮೂಳೆ ಬಿಡಿಸಿದರೂ 80ರಿಂದ 100 ಕೆಜಿ ಮಾಂಸ ಉಳಿಯುತ್ತದೆ, ಅದನ್ನು ಅಲ್ಲೇ ಕೊಳೆಯಲು ಬಿಟ್ಟು ಬಂದರೆ ಕಾನೂನಿನ ಪ್ರಕಾರ ಅಪರಾಧ. ಹೊರುವವರು ಯಾರು?

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಗಾಯಗೊಂಡ ಮಾಜಿ ಸೈನಿಕರಿಗಾಗಿ ಎಲ್ಕ್ ಬೇಟೆ ಏರ್ಪಡಿಸುವವರು ಮೊಟ್ಟಮೊದಲು ಬಿಡಿಸಿಕೊಳ್ಳಬೇಕಾದ ಲೆಕ್ಕ ಇದು. ಕೋವಿ, ಗುರಿ, ಕೊಂಬಿನ ಕವಲು ಎಲ್ಲ ಆಮೇಲಿನ ಮಾತು. ಬೆನ್ನು ಗಟ್ಟಿಯಿರುವ ನಾಲ್ಕೈದು ಜನ ಸ್ವಯಂಸೇವಕರು ಸಿಗದಿದ್ದರೆ, ಅಥವಾ ಬಾಡಿಗೆಗೆ ಕುದುರೆ, ಹೇಸರಗತ್ತೆ ಗೊತ್ತುಮಾಡದಿದ್ದರೆ, ಉಳಿದ ತಯಾರಿಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬೇಟೆ ಎಂದಾಗ ನಮ್ಮ ಕಣ್ಣಿಗೆ ಬರುವ ಚಿತ್ರವೇ ಬೇರೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಅನುಭವಗಳನ್ನು ಓದಿ ಬೆಳೆದವರಿಗೆ ಶಿಕಾರಿ ಎಂದರೆ ಮಚಾನಿನ ಮೇಲೆ ಉಸಿರು ಬಿಗಿಹಿಡಿದು ಕೂತ ಒಬ್ಬಂಟಿ ಮನುಷ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಚಿತ್ರ ಪುಸ್ತಕದೊಳಗೇ ಉಳಿದುಕೊಂಡಿತು. ಈಗ ನಮ್ಮಲ್ಲಿ ಬೇಟೆಯೆಂದರೆ ಕಳ್ಳಬೇಟೆ, ಅರಣ್ಯ ಇಲಾಖೆಯ ಕೇಸು, ಪತ್ರಿಕೆಯ ಒಳಪುಟದ ಸುದ್ದಿ. ಹಾಗಾಗಿ ಅಮೆರಿಕದಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು, ಅಂಗವಿಕಲರಿಗೆ ನಿಯಮ ಸಡಿಲಿಸಿ, ಬೇಟೆಗೆ ಕಳುಹಿಸುತ್ತದೆ ಎಂದರೆ ನಮಗೆ ಕಸಿವಿಸಿಯಾಗುವುದು ಸಹಜ. ನನಗೂ ಆಗುತ್ತದೆ. ಆದರೆ ಆ ಕಸಿವಿಸಿಯನ್ನು ಬದಿಗಿಟ್ಟು ನೋಡದಿದ್ದರೆ, ಈ ಏರ್ಪಾಟಿನಲ್ಲಿ ಬೇಟೆಗಿಂತ ದೊಡ್ಡದಾದ ಒಂದು ಸಂಗತಿ ಕಣ್ತಪ್ಪಿಹೋಗುತ್ತದೆ. ಅದು ನೆಲದ ಸಂಗತಿ.

ಮೊದಲು ಪ್ರಾಣಿಯ ವಿಷಯ ಮುಗಿಸಿಬಿಡೋಣ. ಎಲ್ಕ್ ಎಂಬುದು ತಪ್ಪಿ ಅಂಟಿದ ಹೆಸರು. ಯುರೋಪಿನಲ್ಲಿ ಆ ಹೆಸರು ಮೂಸ್ ಎಂಬ ಇನ್ನೊಂದು ಪ್ರಾಣಿಯದು. ಹೊಸ ನೆಲಕ್ಕೆ ಬಂದ ಇಂಗ್ಲಿಷರು ಇಷ್ಟು ದೊಡ್ಡ ಜಿಂಕೆ ಕಂಡು ಅದೇ ಹೆಸರು ಹಚ್ಚಿದರು. ಅಲ್ಲಿನ ಮೂಲನಿವಾಸಿ ಶಾನಿ ಜನರ ಮಾತಿನಲ್ಲಿ ಇದು ವಾಪಿಟಿ, ಬಿಳಿ ಪೃಷ್ಠದ್ದು ಎಂದರ್ಥ. ನಮ್ಮ ಕಾಶ್ಮೀರದ ಹಂಗುಲ್ ಇದರ ಹತ್ತಿರದ ನೆಂಟ, ಕಡವೆ ದೂರದ ದಾಯಾದಿ. ಕಡವೆಯಂತೆ ಮಂಕು ಕವಿದ ಕಾಡಿನಲ್ಲಿ ಒಂಟಿಯಾಗಿ ನಿಲ್ಲುವ ಸ್ವಭಾವ ಎಲ್ಕ್‌ಗಿಲ್ಲ, ಹಿಂಡು ಕಟ್ಟಿ ಬಾಳುವ ಪ್ರಾಣಿ. ಸೆಪ್ಟೆಂಬರಿನಲ್ಲಿ ಮದವೇರಿದ ಗಂಡು ಕೂಗುವ ಕೂಗು, ಅಷ್ಟು ದೊಡ್ಡ ದೇಹದಿಂದ ಹೊರಟದ್ದೆಂದು ನಂಬಲಾಗದಷ್ಟು ಸಪೂರವಾದ ಕೊಳಲಿನಂಥ ಸದ್ದು.

ಇಪ್ಪತ್ತನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ ಈ ಪ್ರಾಣಿ ಇಡೀ ಉತ್ತರ ಅಮೆರಿಕದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆಗೆ ಇಳಿದಿತ್ತು. ಮಾರುಕಟ್ಟೆಗೆಂದು ಹೊಡೆದರು, ತೊಗಲಿಗೆಂದು ಹೊಡೆದರು, ಬಾಯಿಯೊಳಗಿನ ದಂತದಂಥ ಎರಡು ಹಲ್ಲಿಗೆಂದೂ ಹೊಡೆದು ಉಳಿದದ್ದನ್ನು ಎಸೆದರು. ಈಗ ಅವುಗಳ ಸಂಖ್ಯೆ ಹತ್ತು ಲಕ್ಷದ ಆಸುಪಾಸು. ಕೊಲೊರಾಡೊ ರಾಜ್ಯವೊಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಬೇಟೆಯನ್ನು ಶಾಶ್ವತವಾಗಿ ನಿಷೇಧಿಸಿ ಇದನ್ನು ಸಾಧಿಸಿದ್ದಲ್ಲ. ಕಾಡುಪ್ರಾಣಿಯ ಮಾಂಸ ಮಾರುವುದನ್ನು ನಿಲ್ಲಿಸಿದರು, 1900ರ ಲೇಸಿ ಕಾಯ್ದೆ ಕದ್ದು ಹೊಡೆದದ್ದನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದಕ್ಕೆ ಬೇಲಿ ಹಾಕಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬೇಟೆ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ಶೇಕಡಾ 11ರ ತೆರಿಗೆಯನ್ನು ನೇರವಾಗಿ ವನ್ಯಜೀವಿ ಇಲಾಖೆಗಳಿಗೆ ಹರಿಸಿತು. ಬೇಟೆಗಾರನ ಜೇಬಿನ ದುಡ್ಡಿನಲ್ಲೇ ಬೇಟೆಯ ಪ್ರಾಣಿ ಬೆಳೆಯಿತು. ಈ ಸೂತ್ರವನ್ನು ನಮ್ಮ ಬಂಡೀಪುರಕ್ಕೆ ತಂದರೆ ಅನಾಹುತವಾದೀತು. ಅಲ್ಲಿ, ಜನ ವಿರಳವಾದ ಬೆಟ್ಟಸೀಮೆಯಲ್ಲಿ, ಅದು ನಡೆದಿದೆ.

ಇನ್ನು ನೆಲ. ನಮ್ಮಲ್ಲಿ ಗೋಮಾಳವಿದೆ, ಮಲೆನಾಡಿನಲ್ಲಿ ಸೊಪ್ಪಿನಬೆಟ್ಟವಿದೆ, ಕೊಡಗಿನಲ್ಲಿ ಬಾಣೆಯಿದೆ, ದೇವರಕಾಡಿದೆ. ಯಾರೊಬ್ಬರದೂ ಅಲ್ಲದ, ಆದ್ದರಿಂದ ಎಲ್ಲರದೂ ಆದ ನೆಲ ಎಂಬ ಕಲ್ಪನೆ ನಮಗೆ ಹೊಸದಲ್ಲ. ಅದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ಲೇಔಟು ಆಗುತ್ತ ಹೋಗುವುದನ್ನೂ ಕಂಡಿದ್ದೇವೆ. ಅಮೆರಿಕದ ಕೇಂದ್ರ ಸರ್ಕಾರದ ಕೈಯಲ್ಲಿರುವ ಸಾರ್ವಜನಿಕ ಜಮೀನು ಸುಮಾರು 64 ಕೋಟಿ ಎಕರೆ, ಹದಿಮೂರು ಕರ್ನಾಟಕಗಳಷ್ಟು. ಇದರಲ್ಲಿ ಭೂ ನಿರ್ವಹಣಾ ಇಲಾಖೆಯ ಪಾಲು 24.5 ಕೋಟಿ ಎಕರೆ, ಅರಣ್ಯ ಸೇವೆಯದು 19.3 ಕೋಟಿ. ಹೆಚ್ಚಿನದೆಲ್ಲ ಪಶ್ಚಿಮದ ರಾಜ್ಯಗಳಲ್ಲಿದೆ. ರಾಷ್ಟ್ರೀಯ ಉದ್ಯಾನಗಳನ್ನೂ ಸೈನ್ಯದ ನೆಲೆಗಳನ್ನೂ ಬಿಟ್ಟರೆ ಇದರ ಬಹುಭಾಗದಲ್ಲಿ ಯಾರು ಬೇಕಾದರೂ ನಡೆಯಬಹುದು, ಗುಡಾರ ಹಾಕಬಹುದು, ಪರವಾನಗಿಯಿದ್ದರೆ ಬೇಟೆಯಾಡಬಹುದು. ಗೇಟಿಲ್ಲ, ಧಣಿಯಿಲ್ಲ.

ಧಣಿಯಿಲ್ಲ ಎಂದು ಬರೆಯುವಾಗ ಪೆನ್ನು ಸ್ವಲ್ಪ ತಡವರಿಸುತ್ತದೆ. ಕೊಲೊರಾಡೊದ ವಾಯವ್ಯಕ್ಕೆ ವೈಟ್ ರಿವರ್ ರಾಷ್ಟ್ರೀಯ ಅರಣ್ಯವಿದೆ, ಅದರ ನೆತ್ತಿಯ ಮೇಲೆ ಫ್ಲ್ಯಾಟ್ ಟಾಪ್ಸ್ ಎಂಬ ಚಪ್ಪಟೆ ತಲೆಯ ಬೆಟ್ಟಸಾಲು. ಎಲ್ಕ್ ಹಿಂಡಿಗೆ ಹೆಸರಾದ ಸೀಮೆ. ಯೂಟ್ ಜನ ಅಲ್ಲಿ ತಲೆತಲಾಂತರದಿಂದ ಬೇಟೆಯಾಡುತ್ತಿದ್ದರು. ಅವರನ್ನು ಉಳುವವರನ್ನಾಗಿ ಮಾಡುತ್ತೇನೆಂದು ಹೊರಟ ಸರ್ಕಾರಿ ಏಜೆಂಟ್ ನೇಥನ್ ಮೀಕರ್ 1879ರಲ್ಲಿ ಅವರ ಕೈಯಲ್ಲಿ ಸತ್ತ. ಎರಡು ವರ್ಷದೊಳಗೆ ವೈಟ್ ರಿವರ್ ಯೂಟರನ್ನು ಯೂಟಾಕ್ಕೆ ಅಟ್ಟಿದರು. ಇವತ್ತು ಬೇಟೆಗಾರರು ಪೆಟ್ರೋಲು, ಐಸು ಕೊಳ್ಳಲು ನಿಲ್ಲುವ ಊರಿನ ಹೆಸರು ಮೀಕರ್. ಎಲ್ಲರ ನೆಲವಾಗುವ ಮೊದಲು ಅದು ಯಾರದೋ ನೆಲವಾಗಿತ್ತು.

ಇದೇ ಬೆಟ್ಟದಲ್ಲಿ ಟ್ರ್ಯಾಪರ್ಸ್ ಕೆರೆಯಿದೆ. 1919ರಲ್ಲಿ ಅರಣ್ಯ ಸೇವೆ ಆರ್ಥರ್ ಕಾರ್ಹಾರ್ಟ್ ಎಂಬ ಯುವ ವಿನ್ಯಾಸಕಾರನನ್ನು ಕೆರೆಯ ಸುತ್ತ ಬೇಸಿಗೆ ಬಂಗಲೆಗಳಿಗೆ ಜಾಗ ಗುರುತಿಸಲು, ರಸ್ತೆ ಎಳೆಯಲು ಕಳುಹಿಸಿತು. ಆತ ಹೋಗಿ ನೋಡಿ, ಇಲ್ಲಿ ಏನೂ ಕಟ್ಟದಿರುವುದೇ ಸರಿ ಎಂದು ವರದಿ ಕೊಟ್ಟ. ಸರ್ಕಾರಿ ನೌಕರನೊಬ್ಬ ತನಗೆ ಕೊಟ್ಟ ಕೆಲಸವೇ ಬೇಡವೆಂದು ಬರೆದದ್ದು, ಅದನ್ನು ಮೇಲಿನವರು ಒಪ್ಪಿದ್ದು, ಎರಡೂ ಅಪರೂಪ. 1964ರ ವೈಲ್ಡರ್‌ನೆಸ್ ಕಾಯ್ದೆಯ ಬೇರುಗಳಲ್ಲಿ ಒಂದು ಅಲ್ಲಿದೆ. ಆ ಕಾಯ್ದೆಯಡಿ ಗುರುತಿಸಿದ ಕಾಡಿಗೆ ಮೋಟಾರು ಗಾಡಿ ಹೋಗುವಂತಿಲ್ಲ, ಸೈಕಲ್ಲೂ ಹೋಗುವಂತಿಲ್ಲ. ಕಾಲು, ಕುದುರೆ, ಅಷ್ಟೇ.

ಹಾಗಾದರೆ ಕಾಲಿಲ್ಲದವನು?

1990ರಲ್ಲಿ ಬಂದ ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಪ್ರಶ್ನೆಗೇ ಮೀಸಲಾದ ಒಂದು ಚಿಕ್ಕ ಕಲಮು ಇದೆ. ವೈಲ್ಡರ್‌ನೆಸ್ ಕಾಯ್ದೆಯ ಯಾವ ಮಾತೂ ಗಾಲಿಕುರ್ಚಿಯನ್ನು ತಡೆಯುವುದಿಲ್ಲ ಎಂದು ಅದು ಹೇಳುತ್ತದೆ. ಜೊತೆಗೆ, ಗಾಲಿಕುರ್ಚಿಗಾಗಿ ದಾರಿಯನ್ನು ಮಾರ್ಪಡಿಸುವ ಹೊಣೆ ಇಲಾಖೆಗಿಲ್ಲ ಎಂದೂ ಹೇಳುತ್ತದೆ. ಗಾಲಿಕುರ್ಚಿ ಯಾವುದು ಎಂಬುದಕ್ಕೂ ವ್ಯಾಖ್ಯೆ ಕೊಟ್ಟಿದೆ: ಓಡಾಡಲಾಗದವರ ಓಡಾಟಕ್ಕೆಂದೇ ಮಾಡಿದ್ದಾಗಿರಬೇಕು, ಮನೆಯೊಳಗೂ ಬಳಸಲು ಒಗ್ಗುವಂತಿರಬೇಕು. ಸಂಘಟಕರ ತಲೆನೋವು ಈ ಕೊನೆಯ ಮಾತಿನಲ್ಲಿದೆ. ಎಲ್ಕ್ ಬೆಟ್ಟಕ್ಕೆ ಬೇಕಾದದ್ದು ಯುದ್ಧದ ಟ್ಯಾಂಕಿನಂತೆ ರಬ್ಬರಿನ ಪಟ್ಟಿಯ ಮೇಲೆ ಉರುಳುವ ಬ್ಯಾಟರಿ ಕುರ್ಚಿ. ಹಿಮ, ಕೆಸರು, ಕಲ್ಲು ಎಲ್ಲ ದಾಟುತ್ತದೆ. ಆದರೆ ಅದನ್ನು ಯಾರಾದರೂ ಅಡುಗೆಮನೆಯೊಳಗೆ ಓಡಿಸುತ್ತಾರೆಯೇ? ಹೀಗಾಗಿ ಜಾಣ ಸಂಘಟಕರು ಆ ಕುರ್ಚಿಯನ್ನು ವೈಲ್ಡರ್‌ನೆಸ್ ಗಡಿಯ ಹೊರಗಿನ ಸಾಮಾನ್ಯ ಅರಣ್ಯದಲ್ಲಿ ಬಳಸುತ್ತಾರೆ, ಅದಕ್ಕೂ ಮುಂಚೆ ಅರಣ್ಯದ ಕಚೇರಿಗೆ ಹೋಗಿ ಮಾತಾಡಿ ಬರುತ್ತಾರೆ. ಯಾವ ದಾರಿಯಲ್ಲಿ ಯಾವ ಗಾಡಿ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂಬುದನ್ನು ಪ್ರತಿ ರಾಷ್ಟ್ರೀಯ ಅರಣ್ಯವೂ ನಕ್ಷೆ ಮಾಡಿ ಪುಕ್ಕಟೆ ಹಂಚುತ್ತದೆ. ಬಣ್ಣವಿಲ್ಲದ, ಕಣ್ಣಿಗೆ ಸೊಗಸಿಲ್ಲದ ನಕ್ಷೆ. ಬೇಟೆಯ ಅರ್ಧ ಭಾಗ ಆ ಕಾಗದದ ಮೇಲೆ, ಅಡುಗೆಮನೆಯ ಮೇಜಿನ ಬೆಳಕಿನಲ್ಲಿ ಮುಗಿದಿರುತ್ತದೆ.

ನಕ್ಷೆಯಲ್ಲಿ ಇನ್ನೊಂದು ಬಲೆಯಿದೆ. 1862ರಿಂದ ಮೊದಲ್ಗೊಂಡು, ಖಂಡದ ಉದ್ದಕ್ಕೆ ಹಳಿ ಹಾಸಿದ ರೈಲು ಕಂಪನಿಗಳಿಗೆ ಸರ್ಕಾರ ಇಕ್ಕೆಲದ ನೆಲವನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದನ್ನು ಬರೆದುಕೊಟ್ಟಿತು. ಬಿಳಿಮನೆ ಸಾರ್ವಜನಿಕರದು, ಕರಿಮನೆ ಖಾಸಗಿ. ಎರಡು ಬಿಳಿಮನೆಗಳು ಮೂಲೆಯಲ್ಲಿ ಮಾತ್ರ ತಾಗುತ್ತವೆ. ಆ ಬಿಂದುವಿನಲ್ಲಿ ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟರೆ ಖಾಸಗಿ ನೆಲದ ಮೇಲಿನ ಗಾಳಿಯನ್ನು ದಾಟಿದಂತೆ, ಅದೂ ಅತಿಕ್ರಮಣವೇ ಎಂದು ಜಮೀನುದಾರರ ವಾದ. ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ಮಿಸ್ಸೂರಿಯಿಂದ ಬಂದ ಬೇಟೆಗಾರರು ಏಣಿ ಇಟ್ಟು ಮೂಲೆ ದಾಟಿದರು. ನೆಲ ಮುಟ್ಟದೆ ಗಾಳಿ ದಾಟುವ ಏಣಿ! ಪ್ರಕರಣ ವರ್ಷಗಟ್ಟಲೆ ಎಳೆದು, 2025ರಲ್ಲಿ ಹತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಲಕ್ಷಾಂತರ ಎಕರೆಗಳ ಬೀಗ ಒಡೆದಂತಾಯಿತು. ಆದರೆ ಏಣಿ ಹತ್ತಲು ಎರಡು ಕಾಲು ಬೇಕಲ್ಲ. ಗಾಲಿಕುರ್ಚಿಯವನಿಗೆ ಸಾರ್ವಜನಿಕ ನೆಲವೆಂದರೆ ಇಂದಿಗೂ ರಸ್ತೆ ಮುಟ್ಟುವ ಸಾರ್ವಜನಿಕ ನೆಲ ಮಾತ್ರ.

ಇಷ್ಟು ಪಾಡು ಯಾಕೆ? ಪಶ್ಚಿಮದಲ್ಲಿ ದೊಡ್ಡ ದೊಡ್ಡ ಖಾಸಗಿ ರ‍್ಯಾಂಚುಗಳಿವೆ. ದೇಶಭಕ್ತ ಮಾಲೀಕರು ಮಾಜಿ ಸೈನಿಕರನ್ನು ಕರೆದು, ಜೀಪಿನಲ್ಲಿ ಒಯ್ದು, ಎಲ್ಕ್ ತೋರಿಸಿ, ಹೊಡೆಸಿ, ರಾತ್ರಿ ಬಿಸಿನೀರಿನ ಸ್ನಾನ ಮಾಡಿಸಿ ಕಳುಹಿಸುತ್ತಾರೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಎಷ್ಟೋ ಜನರಿಗೆ, ಅದರಲ್ಲೂ ಎಪ್ಪತ್ತು ದಾಟಿದ ವಿಯೆಟ್ನಾಂ ಕಾಲದವರಿಗೆ, ಅದೇ ಸರಿ. ಆದರೆ ಅಲ್ಲಿ ಸೈನಿಕ ಅತಿಥಿ. ಅತಿಥಿಯಾದವನು ಕೃತಜ್ಞನಾಗಿರಬೇಕು, ಊಟದ ನಂತರ ನಾಲ್ಕು ಮಾತಾಡಬೇಕು, ಪ್ರಾಯೋಜಕರ ಬ್ಯಾನರಿನ ಮುಂದೆ ನಿಲ್ಲಬೇಕು. ಗಾಯಾಳುವನ್ನು ಕೂರಿಸಿ, ಕೊಂಬು ಹಿಡಿಸಿ, ಹಿಂದೆ ಕಂಪನಿಯ ಹೆಸರು ಬರುವಂತೆ ತೆಗೆದ ಚಿತ್ರಗಳನ್ನು ನೋಡಿದಾಗ ನಮ್ಮೂರ ಸನ್ಮಾನ ಸಮಾರಂಭಗಳ ನೆನಪಾಗುತ್ತದೆ. ಶಾಲು ಹೊದಿಸುವವನ ಮುಖ ಕ್ಯಾಮೆರಾದ ಕಡೆ, ಹೊದಿಸಿಕೊಳ್ಳುವವನ ಮುಖ ಶಾಲಿನೊಳಗೆ.

ಸಾರ್ವಜನಿಕ ಬೆಟ್ಟದಲ್ಲಿ ಅವನು ಅತಿಥಿಯಲ್ಲ. ಅವನ ಪಾಲಿನ ನೆಲದಲ್ಲಿ, ಅವನ ಹೆಸರಿನ ಪರವಾನಗಿಯಲ್ಲಿ, ಪಕ್ಕದ ಕಣಿವೆಯ ಪ್ಲಂಬರ್‌ಗೋ ಮೇಷ್ಟ್ರಿಗೋ ಇರುವಷ್ಟೇ ಹಕ್ಕಿನಲ್ಲಿ ನಿಂತಿರುತ್ತಾನೆ. ಅವರಷ್ಟೇ ಸೋಲುವ ಸಾಧ್ಯತೆಯೊಂದಿಗೆ, ಅದೂ ಮುಖ್ಯ. ಕೊಲೊರಾಡೊದಲ್ಲಿ ಎಲ್ಕ್ ಪರವಾನಗಿ ಪಡೆದ ಐವರಲ್ಲಿ ಸರಿಸುಮಾರು ನಾಲ್ವರು ಬರಿಗೈಲಿ ಮನೆಗೆ ಹೋಗುತ್ತಾರೆ. ಆಸ್ಪತ್ರೆ, ಪುನರ್ವಸತಿ, ಪಿಂಚಣಿ ಕಚೇರಿಗಳಲ್ಲಿ ವರ್ಷಗಟ್ಟಲೆ ‘ನಿಮಗಾಗಿ ಎಲ್ಲ ನಾವು ಮಾಡುತ್ತೇವೆ’ ಎಂಬ ಮಾತು ಕೇಳಿಸಿಕೊಂಡವನಿಗೆ, ಯಾರೂ ಖಾತರಿ ಕೊಡದ ಒಂದು ವಾರ ಎಷ್ಟು ಅಪರೂಪದ್ದು ಎಂಬುದನ್ನು ಎಲ್ಲ ಅಂಗ ಸರಿಯಿರುವ ನಾವು ಊಹಿಸುವುದು ಕಷ್ಟ.

ಕೆಲಸ ಶುರುವಾಗುವುದು ಮಾರ್ಚಿಯಲ್ಲಿ. ಕೊಲೊರಾಡೊದ ಲಾಟರಿಗೆ ಅರ್ಜಿ ಹಾಕಲು ಏಪ್ರಿಲ್ ಮೊದಲ ವಾರದವರೆಗೆ ಅವಕಾಶ. ಇಡೀ ರಾಜ್ಯವನ್ನು ನಂಬರು ಹಾಕಿದ ಘಟಕಗಳಾಗಿ ಕತ್ತರಿಸಿದ್ದಾರೆ, ಫ್ಲ್ಯಾಟ್ ಟಾಪ್ಸ್ ಸುತ್ತಿನವು 12, 23, 24 ಇತ್ಯಾದಿ. ಯಾವ ಘಟಕ, ಗಂಡೋ ಹೆಣ್ಣೋ, ಯಾವ ಅವಧಿ, ಬಿಲ್ಲೋ ಬಂದೂಕೋ ಎಲ್ಲ ಸೇರಿ ಒಂದು ಸಂಕೇತ. ಒಂದಕ್ಷರ ತಪ್ಪಿದರೆ ಇನ್ನಾವುದೋ ಬೆಟ್ಟ. ಮೊದಲ ಆಯ್ಕೆ ಸಿಗದಿದ್ದವರಿಗೆ ಒಂದು ಆದ್ಯತಾ ಅಂಕ ಜಮೆಯಾಗುತ್ತದೆ, ಮುಂದಿನ ವರ್ಷ ಹೆಚ್ಚು ಅಂಕದವರಿಗೆ ಮೊದಲ ಮಣೆ. ಸಿಕ್ಕಿದವರ ಅಂಕ ಸೊನ್ನೆ. ಗುಂಪಾಗಿ ಅರ್ಜಿ ಹಾಕಿದರೆ ಎಲ್ಲರಿಗಿಂತ ಕಡಿಮೆಯಿರುವವನ ಅಂಕವೇ ಇಡೀ ಗುಂಪಿನ ಅಂಕ. ಅಂದರೆ ಹತ್ತು ವರ್ಷ ಕಾದವನು ಹೊಸಬನ ಜೊತೆ ಹೋಗಬೇಕೆಂದರೆ ಹೊಸಬನ ಸಾಲಿಗೆ ಇಳಿದು ನಿಲ್ಲಬೇಕು. ಜೊತೆ ಸೈನಿಕನಿಗಾಗಿ ಹೀಗೆ ಸಾಲು ಬಿಟ್ಟುಕೊಡುವುದಕ್ಕೆ ಯಾವ ಪದಕವೂ ಇಲ್ಲ.

ಕೊಲೊರಾಡೊದಲ್ಲಿ ಹೊರರಾಜ್ಯದವನಿಗೆ ಗಂಡು ಎಲ್ಕ್ ಪರವಾನಗಿಯ ಶುಲ್ಕ 800 ಡಾಲರ್ ದಾಟುತ್ತದೆ, ಸ್ಥಳೀಯನಿಗೆ ನೂರೂ ಇಲ್ಲ. ವಯೋಮಿಂಗ್, ಮೊಂಟಾನಾದಂಥ ಕೆಲವು ಕಡೆ ಲಾಟರಿ ಗೆದ್ದವರು ತಮ್ಮ ಪರವಾನಗಿಯನ್ನು ಸೇವಾ ಸಂಸ್ಥೆಗಳ ಮೂಲಕ ಗಾಯಾಳು ಸೈನಿಕರಿಗೆ ಬಿಟ್ಟುಕೊಡಲು ಕಾನೂನೇ ದಾರಿ ಮಾಡಿದೆ. ವಯೋಮಿಂಗ್‌ನಲ್ಲಿ ಬೇರೊಂದು ವಿಚಿತ್ರವಿದೆ: ಹೊರರಾಜ್ಯದವನು ವೈಲ್ಡರ್‌ನೆಸ್ ಒಳಗೆ ದೊಡ್ಡ ಪ್ರಾಣಿಯ ಬೇಟೆಗೆ ಹೋಗಬೇಕಾದರೆ ವೃತ್ತಿಪರ ಮಾರ್ಗದರ್ಶಿಯನ್ನೋ, ಅದಕ್ಕೆಂದು ಪತ್ರ ಪಡೆದ ಸ್ಥಳೀಯನನ್ನೋ ಜೊತೆಗೆ ಕರೆದೊಯ್ಯಲೇಬೇಕು. ಚಾರಣಕ್ಕೆ, ಮೀನು ಹಿಡಿಯಲು ಒಬ್ಬನೇ ಹೋಗಬಹುದು. ಮಾರ್ಗದರ್ಶಿಗಳ ಸಂಘದ ಕೈ ಉದ್ದವಿದ್ದಿರಬೇಕು.

ದುಡ್ಡಿನ ವಿಷಯದಲ್ಲಿ ಒಂದು ಕಟ್ಟುನಿಟ್ಟಿದೆ. ಬೇಟೆಗೆ ಕರೆದೊಯ್ಯುವುದಕ್ಕೆ ಶುಲ್ಕ ತೆಗೆದುಕೊಂಡ ಕೂಡಲೇ, ಸಂಸ್ಥೆ ಲಾಭದ್ದಾಗಿರಲಿ ಬಿಡಲಿ, ಅರಣ್ಯ ಸೇವೆಯ ಕಣ್ಣಿಗೆ ನೀವು ವ್ಯಾಪಾರಿ. ವಿಶೇಷ ಅನುಮತಿ, ರಾಜ್ಯದ ನೋಂದಣಿ, ವಿಮೆ ಎಲ್ಲ ಬರುತ್ತವೆ. ಆದ್ದರಿಂದ ಸಣ್ಣ ಗುಂಪುಗಳು ಒಂದೋ ಅನುಮತಿಯಿರುವ ವೃತ್ತಿಪರರ ಜೊತೆ ಸೇರುತ್ತವೆ, ಇಲ್ಲವೇ ಗೆಳೆಯರ ಶಿಬಿರದಂತೆ, ಯಾರಿಂದಲೂ ಕಾಸು ಪಡೆಯದೆ ನಡೆಸುತ್ತವೆ. ಎಪ್ಪತ್ತೈದು ಜನರೊಳಗಿನ ವ್ಯಾಪಾರೇತರ ಗುಂಪಿಗೆ ರಾಷ್ಟ್ರೀಯ ಅರಣ್ಯದಲ್ಲಿ ಸಾಮಾನ್ಯವಾಗಿ ಅನುಮತಿ ಬೇಕಿಲ್ಲ. ಒಂದೇ ಕಡೆ ಹೆಚ್ಚೆಂದರೆ ಹದಿನಾಲ್ಕು ದಿನ.

ಅಕ್ಟೋಬರಿನಲ್ಲಿ ಶಿಬಿರ. ಆರು ಜನರ ಗುಡಾರ, ನಡುವೆ ಕಟ್ಟಿಗೆ ಒಲೆ. ಮಾಮೂಲು ಬೇಟೆಗಾರರ ಪಟ್ಟಿಯಲ್ಲಿಲ್ಲದ ವಸ್ತುಗಳೇ ಇಲ್ಲಿ ಮುಖ್ಯವಾಗುತ್ತವೆ. ಗುಡಾರದ ಬಾಗಿಲು ಕುರ್ಚಿ ನುಗ್ಗುವಷ್ಟು ಅಗಲವಿರಬೇಕು, ನೆಲಕ್ಕೆ ಹಲಗೆ ಹಾಸಬೇಕು. ಶೌಚಕ್ಕೆ ಹೋಗುವ ಹಾದಿಯಲ್ಲಿ ಹಗ್ಗ ಕಟ್ಟಿರಬೇಕು, ರಾತ್ರಿ ಕೃತಕ ಕಾಲು ಬಿಚ್ಚಿಟ್ಟವನು ಊರುಗೋಲಿನಲ್ಲಿ ಮಂಜುಗಡ್ಡೆಯ ಮೇಲೆ ಹೋಗಬೇಕಲ್ಲ. ನಿದ್ರೆಯಲ್ಲಿ ಉಸಿರಾಟಕ್ಕೆ ಯಂತ್ರ ಬಳಸುವವರಿಗೆ ರಾತ್ರಿಯಿಡೀ ವಿದ್ಯುತ್ ಬೇಕು, ಜನರೇಟರ್ ಸದ್ದು ಕೆಲವರಿಗೆ ಆಗದು. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಕಂಪ್ಯೂಟರ್ ಚಿಪ್ಪಿನ ಮಂಡಿ ಹಾಕಿದವನಿಗೂ ಬ್ಯಾಟರಿ ಕುರ್ಚಿಯವನಿಗೂ ಅದು ನಡಿಗೆಯ ಪ್ರಶ್ನೆ. ಏರು ಹತ್ತುವಾಗ ಕೃತಕ ಕಾಲಿನ ಬಟ್ಟಲೊಳಗೆ ಬೆವರು ತುಂಬಿ ಕಾಲು ಜಾರುತ್ತದೆ, ಕೂತರೆ ಅದೇ ಬೆವರು ತಣ್ಣಗಾಗಿ ಕೊರೆಯುತ್ತದೆ. ಹೀಗಾಗಿ ಅರ್ಧ ಗಂಟೆಗೊಮ್ಮೆ ನಿಂತು ಬಿಚ್ಚಿ ಒರೆಸಿ ಹಾಕಿಕೊಳ್ಳುವ ಸಮಯವನ್ನೂ ಬೆಳಗಿನ ಲೆಕ್ಕಕ್ಕೆ ಸೇರಿಸಬೇಕು. ಬಂದೂಕಿನ ಋತುವಿನಲ್ಲಿ ತಲೆಗೂ ಮೈಗೂ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಡ್ಡಾಯ. ಕುರ್ಚಿಯ ಬೆನ್ನು ಆ ಅಂಗಿಯನ್ನು ಮರೆಮಾಡಿಬಿಡುತ್ತದೆ ಎಂಬುದು ಯಾರಾದರೂ ಹಿಂದಿನಿಂದ ನೋಡುವವರೆಗೆ ಹೊಳೆಯುವುದಿಲ್ಲ. ಒಂದು ಕಿತ್ತಳೆ ಬಟ್ಟೆ, ಎರಡು ಪಿನ್ನು, ಮುಗಿಯಿತು.

ಹಲವು ರಾಜ್ಯಗಳು ನಡೆಯಲಾಗದವರಿಗೆ ನಿಂತ ವಾಹನದಿಂದ ಗುಂಡು ಹಾರಿಸಲು ಪ್ರತ್ಯೇಕ ಅನುಮತಿ ಕೊಡುತ್ತವೆ. ಕೈ ಆಡದವರಿಗೆ ಕೊಳವೆಯಲ್ಲಿ ಉಸಿರೆಳೆದು ಕೋವಿಯ ಕುದುರೆ ಒತ್ತುವ ಸಾಧನವಿದೆ, ದೂರದರ್ಶಕದ ನೋಟವನ್ನು ಪಕ್ಕದವನು ಫೋನಿನ ಪರದೆಯಲ್ಲಿ ಕಂಡು ‘ಎಡಕ್ಕೆ, ಇನ್ನೊಂಚೂರು’ ಎನ್ನುತ್ತಾನೆ. ಆದರೆ ಎಲ್ಕ್‌ನ ಮೂಗಿಗೆ ಯಾವ ಸಾಧನವೂ ಇಲ್ಲ. ಇಳಿಸಂಜೆಯಿಂದ ಬೆಳಗಿನವರೆಗೆ ತಂಪು ಗಾಳಿ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ತಿರುಗಿ ಬೆಟ್ಟ ಹತ್ತುತ್ತದೆ. ಆ ತಿರುಗುವ ಗಳಿಗೆಯಲ್ಲಿ ನೀವು ಎಲ್ಲಿದ್ದೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎರಡು ಕಾಲಿನವನು ಎದ್ದು ಜಾಗ ಬದಲಿಸುತ್ತಾನೆ. ಕುರ್ಚಿಯವನು ಗಾಳಿಯನ್ನು ಮೊದಲೇ ಓದಿ ಕೂರಬೇಕು, ಆಮೇಲೆ ಬಂಡೆಯಂತೆ ಇರಬೇಕು. ಗಸ್ತು, ಹೊಂಚು, ಕಾಯುವಿಕೆ ಈ ಮಾಜಿ ಸೈನಿಕರಲ್ಲಿ ಅನೇಕರಿಗೆ ಹಳೆಯ ವಿದ್ಯೆ. ಮನೆಯಲ್ಲಿ, ಮಾಲ್‌ನಲ್ಲಿ, ಮಕ್ಕಳ ಶಾಲೆಯ ಮೈದಾನದಲ್ಲಿ ರೋಗದ ಲಕ್ಷಣವೆನಿಸಿಕೊಂಡ ಅದೇ ಎಚ್ಚರ, ಪ್ರತಿ ಸದ್ದಿಗೂ ನಿಮಿರುವ ಕಿವಿ, ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ಈಗ ಕಷ್ಟದ ಪ್ರಶ್ನೆ. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರು 50,000ಕ್ಕೂ ಹೆಚ್ಚು. ಮನಸ್ಸಿಗಾದ ಗಾಯ ಈ ಎಣಿಕೆಯಲ್ಲಿಲ್ಲ. 2022ರಲ್ಲಿ ಆತ್ಮಹತ್ಯೆಯಿಂದ ಸತ್ತ ಅಮೆರಿಕದ ಮಾಜಿ ಸೈನಿಕರು 6,407, ಅವರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಸಾವುಗಳಲ್ಲಿ ಬಂದೂಕಿತ್ತು. ಇಂಥವರ ಕೈಗೆ ಕೋವಿ ಕೊಟ್ಟು ಕಾಡಿಗೆ ಕಳುಹಿಸುವುದೆಂದರೇನು? ಬೇಟೆ ಔಷಧಿ ಎಂದು ಘೋಷಿಸುವವರು ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನಾಗಬೇಕು. ಹೊರಾಂಗಣದ ಒಡನಾಟ ಮಾಜಿ ಸೈನಿಕರಿಗೆ ಹಿತ ತರುತ್ತದೆಂಬ ನಂಬಿಕೆ ಸರ್ಕಾರಕ್ಕೂ ಇದೆ, 2020ರ ಕಾಯ್ದೆಯೊಂದು ಇದಕ್ಕೆಂದೇ ಅಂತರ್‌ಇಲಾಖಾ ಕಾರ್ಯಪಡೆ ರಚಿಸಿತು. ಆದರೆ ಹಿತ ಬಂದದ್ದು ಬಂದೂಕಿನಿಂದಲೋ ಬೆಂಕಿಯ ಸುತ್ತ ಕೂತ ಐದು ರಾತ್ರಿಗಳಿಂದಲೋ ಎಂದು ಬೇರೆ ಮಾಡಿ ತೋರಿಸಿದವರನ್ನು ನಾನು ಕಂಡಿಲ್ಲ. ನನ್ನ ಊಹೆ ಬೆಂಕಿಯ ಕಡೆಗಿದೆ. ಕೋವಿ ಹಿಡಿಯದೆಯೂ ಬೇಟೆಗೆ ಬರಲು ಜಾಗವಿರುವ ಶಿಬಿರವೇ ಒಳ್ಳೆಯ ಶಿಬಿರ: ದುರ್ಬೀನು ಹಿಡಿದು ಎದುರು ಇಳಿಜಾರು ಹುಡುಕುವವನು, ಹೆಣ್ಣು ಎಲ್ಕ್‌ನ ಕೂಗು ಕೂಗುವವನು, ಸಾರು ಕಾಯಿಸುವವನು. ಅಲ್ಲಿಗೆ ಬಂದ ಮೇಲೆ ಒಬ್ಬ ‘ನಾನು ಹೊಡೆಯುವುದಿಲ್ಲ’ ಎಂದರೆ ಯಾಕೆಂದು ಯಾರೂ ಕೇಳಬಾರದು.

ಗಾಯಾಳು ಸೈನಿಕನಿಗೂ ಈ ಬೆಟ್ಟಕ್ಕೂ ನಂಟು ಹೊಸದಲ್ಲ. ವೈಟ್ ರಿವರ್ ಅರಣ್ಯದಲ್ಲೇ ಕ್ಯಾಂಪ್ ಹೇಲ್ ಇದೆ, ಎರಡನೆಯ ಮಹಾಯುದ್ಧದಲ್ಲಿ ಹತ್ತನೆಯ ಪರ್ವತ ಪಡೆ ಹಿಮದಲ್ಲಿ ಯುದ್ಧ ಕಲಿತ ಜಾಗ. 2022ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಆ ಪಡೆಯ ಪೀಟ್ ಸೀಬರ್ಟ್ 1945ರಲ್ಲಿ ಇಟಲಿಯಲ್ಲಿ ಶೆಲ್ ದಾಳಿಗೆ ಸಿಕ್ಕಿ ಮಂಡಿಚಿಪ್ಪು ಕಳೆದುಕೊಂಡ. ಸರಿಯಾಗಿ ನಡೆದಾನೋ ಇಲ್ಲವೋ ಎಂದಿದ್ದವನು ಮತ್ತೆ ಹಿಮದ ಮೇಲೆ ಜಾರಿದ, 1962ರಲ್ಲಿ ವೇಲ್ ಎಂಬ ಸ್ಕೀ ಊರನ್ನು ತೆರೆದ. ಆ ಸ್ಕೀ ಇಳಿಜಾರುಗಳು ಇರುವುದೂ ಇದೇ ವೈಟ್ ರಿವರ್ ಅರಣ್ಯದ ಸಾರ್ವಜನಿಕ ನೆಲದ ಮೇಲೆಯೇ. ಇಂದು ಅಲ್ಲಿ ಒಂದು ದಿನ ಜಾರಲು ತೆರಬೇಕಾದ ದುಡ್ಡು ಕೇಳಿದರೆ ಸಾರ್ವಜನಿಕ ಎಂಬ ಪದಕ್ಕೆ ಎಷ್ಟು ಅರ್ಥಗಳಿವೆ ಎಂದು ತಿಳಿಯುತ್ತದೆ. ನಮ್ಮ ಮುರಳೀಕಾಂತ್ ಪೇಟ್ಕರ್ ಕೂಡ 1965ರ ಯುದ್ಧದಲ್ಲಿ ಗುಂಡು ತಿಂದು, 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ತಂದವರು. ನೀರಿನಲ್ಲಿ, ಹಿಮದಲ್ಲಿ, ಬೆಟ್ಟದಲ್ಲಿ ಹುಡುಕುವುದು ಬಹುಶಃ ಒಂದನ್ನೇ. ನಮ್ಮಲ್ಲಿ ಬೇಟೆಯ ದಾರಿ ಮುಚ್ಚಿದ್ದು ಸರಿಯೇ. ಆದರೆ ಗಾಲಿಕುರ್ಚಿಯ ಮಾಜಿ ಸೈನಿಕನೊಬ್ಬ ಮಡಿಕೇರಿಯಿಂದಲೋ ಬೆಳಗಾವಿಯಿಂದಲೋ ಹೊರಟು ಯಾವುದಾದರೂ ಕಾಡಿನೊಳಗೆ ಬರೀ ಹಕ್ಕಿ ನೋಡಲು ಒಂದು ರಾತ್ರಿ ಇರಬೇಕೆಂದರೆ ಯಾವ ಕಲಮು ನೆರವಿಗೆ ಬರುತ್ತದೆ ಎಂದು ಯೋಚಿಸಿ ನೋಡಿ.

ಮೊದಲಿನ ಲೆಕ್ಕಕ್ಕೆ ಬರೋಣ. ಮಾಂಸವನ್ನು ಹೊರುತ್ತಾರೆ, ಬೇರೆ ದಾರಿಯಿಲ್ಲ. ಹೊಟ್ಟೆ ಸೀಳದೆಯೇ ನಾಲ್ಕು ಕಾಲು, ಬೆನ್ನು, ಕತ್ತಿನ ಮಾಂಸ ಬಿಡಿಸುವ ವಿಧಾನವಿದೆ. ಗಂಡೋ ಹೆಣ್ಣೋ ಎಂಬುದರ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ದಾರಿಯಲ್ಲಿ ಅಧಿಕಾರಿ ಕೇಳಬಹುದು. ಕುರ್ಚಿಯವನು ಮೊದಲ ಚೀಲ ತನ್ನ ತೊಡೆಯ ಮೇಲೆ ಇಡಿಸಿಕೊಳ್ಳುತ್ತಾನೆ. ಕಾಲಿಲ್ಲದವನು ಚೂರಿ ಮಸೆಯುತ್ತಾನೆ. ತಲೆಯಿಂದ ದುಗ್ಧಗ್ರಂಥಿ ತೆಗೆಸಿ ಕ್ಷಯಿಸುವ ರೋಗದ ಪರೀಕ್ಷೆಗೆ ಕೊಡುತ್ತಾರೆ. ಜಿಂಕೆಜಾತಿಯ ಮಿದುಳು ತಿನ್ನುವ ಈ ಕಾಯಿಲೆ ಮೊದಲು ಕಂಡದ್ದು 1967ರಲ್ಲಿ, ಇದೇ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಫಲಿತಾಂಶ ಬರುವವರೆಗೆ ಮಾಂಸ ಹೆಸರು ಬರೆಸಿಕೊಂಡು ಫ್ರೀಜರಿನಲ್ಲಿ ಕಾಯುತ್ತದೆ. ಮಾರುವಂತಿಲ್ಲ, ಹಂಚಬಹುದು.

ಚಳಿಗಾಲ ಕಳೆದು ಮಾರ್ಚಿ ಬರುತ್ತದೆ. ಹೋದ ವರ್ಷ ಹೋದವರ ಅಂಕವೆಲ್ಲ ಸೊನ್ನೆ, ಹೊಸ ಹೆಸರುಗಳು ಪಟ್ಟಿಗೆ ಸೇರಿವೆ. ಸಂಘಟಕ ಮತ್ತೆ ಲಾಟರಿಯ ಸಂಕೇತಗಳನ್ನು ಒಂದೊಂದೇ ಅಕ್ಷರ ಸರಿನೋಡುತ್ತ ಕೂತಿರುತ್ತಾನೆ. ಅದೇ ವಾರಗಳಲ್ಲಿ ಮೇಲೆ ಹಿಮ ಕರಗುವ ಅಂಚಿನಲ್ಲಿ ಗಂಡು ಎಲ್ಕ್‌ಗಳು ಕೊಂಬು ಕಳಚುತ್ತವೆ, ಮೊದಲು ಒಂದು, ಒಂದೆರಡು ದಿನ ಬಿಟ್ಟು ಇನ್ನೊಂದು. ಬಸವಳಿದ ಪ್ರಾಣಿಗಳನ್ನು ಬೆದರಿಸಬಾರದೆಂದು ಕೊಲೊರಾಡೊದ ಇಂಟರ್‌ಸ್ಟೇಟ್ 25 ಹೆದ್ದಾರಿಯ ಪಶ್ಚಿಮದ ಸಾರ್ವಜನಿಕ ನೆಲದಲ್ಲಿ ಏಪ್ರಿಲ್ 30ರವರೆಗೆ ಬಿದ್ದ ಕೊಂಬನ್ನು ಯಾರೂ ಎತ್ತಿಕೊಳ್ಳುವಂತಿಲ್ಲ. ಅಲ್ಲಿಯವರೆಗೆ ಅವು ಬಿದ್ದಲ್ಲೇ ಬಿದ್ದಿರುತ್ತವೆ, ಅಳಿಲುಗಳು ಅಂಚು ಕಡಿಯುತ್ತವೆ.